ದೋಹಾದಲ್ಲಿ ತೆನೆ ಹಬ್ಬ

ಹಬ್ಬ ಅಂದರೆ ಕೋಳಿ, ಹಂದಿ, ಸಣ್ಣಾಸು ಎಂಬ ಅಕ್ಕಿಯ ಕಡುಬು ಇರಲೇಬೇಕು ಎನ್ನುವ ಜನ ನಾವು, ಮಂಗಳೂರು ಕಡೆಯ ಕ್ಯಾಥೊಲಿಕರು. ಅಂಥ ಮನೆಗಳಲ್ಲೂ ಸೆಪ್ಟೆಂಬರ್ 8ರಂದು ಬಾಳೆಲೆ ಹಾಸಿ ಬರೀ ತರಕಾರಿ ಊಟ. ಅವತ್ತು ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ, ಜೊತೆಗೆ ಹೊಸ ಬೆಳೆಯ ಹಬ್ಬ. ಕೊಂಕಣಿಯಲ್ಲಿ ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ. ಕೆಲಸಕ್ಕೆಂದು ಕತಾರಿನ ದೋಹಾಕ್ಕೆ ಬಂದ ಮೇಲೂ ಇದನ್ನು ಬಿಟ್ಟಿಲ್ಲ.

ಆಗಸ್ಟ್ 30ಕ್ಕೆ ನೊವೆನಾ, ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ, ಶುರು. ಊರಲ್ಲಾದರೆ ಅಷ್ಟೂ ದಿನ ಮಕ್ಕಳು ಹೂವಿನ ಬುಟ್ಟಿ ಹಿಡಿದು ಚರ್ಚಿಗೆ ಓಡುತ್ತವೆ. ಮಳೆಗಾಲದಲ್ಲಿ ಹೂವಿಗೇನು ಬರ? ದಾಸವಾಳ, ಗೊರಟೆ, ಡೇಲಿಯಾ, ಬೇಲಿಯಲ್ಲಿ ತಾನಾಗಿ ಅರಳಿದ್ದೆಲ್ಲ ಬುಟ್ಟಿಗೆ. ದೋಹಾದಲ್ಲಿ ಆ ಹೊತ್ತಿಗೆ ಇನ್ನೂ ಉರಿಬಿಸಿಲು. ಹೂ ಅಂದರೆ ಸೂಪರ್ ಮಾರ್ಕೆಟ್ಟಿನ ಸೇವಂತಿಗೆ, ಇಲ್ಲವೇ ನಮ್ಮ ಕಟ್ಟಡದ ಗೇಟಿನ ಪಕ್ಕದ ಕಾಗದದ ಹೂ. ಮಗಳು ಅದನ್ನೇ ಬುಟ್ಟಿ ತುಂಬ ಕಿತ್ತಳು. ಬಾಂಗ್ಲಾದೇಶದ ವಾಚ್‌ಮನ್ ಬೈಯಲಿಲ್ಲ, ಯಾಕೆಂದು ಕೇಳಿದ. "ಮರಿಯಮ್ಮನ ಬರ್ತ್‌ಡೇ" ಅಂದಳು. "ಮರಿಯಮ್ ನಮಗೂ ಗೊತ್ತು" ಎಂದು ಎತ್ತರದ ಕೊಂಬೆಯೊಂದನ್ನು ಬಗ್ಗಿಸಿ ಕೊಟ್ಟ. ಕುರಾನಿನ 19ನೇ ಅಧ್ಯಾಯದ ಹೆಸರೇ ಮರಿಯಮ್ ಅಲ್ವಾ.

ನಗರದ ಹೊರವಲಯದ ಮೆಸೈಮೀರ್‌ನಲ್ಲಿ ಬೇರೆ ಬೇರೆ ಪಂಗಡಗಳ ಚರ್ಚುಗಳು ಒಂದೇ ಆವರಣದಲ್ಲಿವೆ. ನಾವು ಹೋಗುವ ಜಪಮಾಲೆ ಮಾತೆಯ ಚರ್ಚು ತೆರೆದದ್ದು 2008ರಲ್ಲಿ. ಹೊರಗೆ ಶಿಲುಬೆ ಇಲ್ಲ, ಗಂಟೆಯೂ ಇಲ್ಲ. ಗೇಟಿನಲ್ಲಿ ತಪಾಸಣೆ ಮುಗಿಸಿ ಒಳಗೆ ಹೋದರೆ ಮಲಯಾಳಂ, ಕೊಂಕಣಿ, ಅರಬ್ಬಿ, ಫಿಲಿಪಿನೋ ಜನರ ಮಾತು ಎಲ್ಲ ಒಟ್ಟಿಗೆ ಕಿವಿಗೆ ಬೀಳುತ್ತವೆ. ಇಲ್ಲಿ ರಜೆ ಶುಕ್ರವಾರ, ಶನಿವಾರ. ಹಾಗಾಗಿ ಭಾನುವಾರದ ಪೂಜೆಗೆ ಹೋಗುವುದು ಶುಕ್ರವಾರವೇ. 2023ರಲ್ಲಿ ತೆನೆ ಹಬ್ಬ ಶುಕ್ರವಾರ ಬಿದ್ದು ಆರಾಮವಾಯಿತು. ಮರುವರ್ಷ ಬಿದ್ದದ್ದು ಭಾನುವಾರ, ಅಂದರೆ ಆಫೀಸಿನ ದಿನ. ಭಾನುವಾರ ಹಬ್ಬ ಬಂತಲ್ಲ ಎಂದು ಗೊಣಗುವ ಕ್ರಿಸ್ತುವರು ಊರಲ್ಲಿ ಸಿಗಲಿಕ್ಕಿಲ್ಲ!

ಊರಲ್ಲಿ ನಾವು ಯಾರು ಎಂದು ಹೇಳುವುದಕ್ಕೆ ಚರ್ಚಿನ ಗೋಪುರ, ಬ್ಯಾಂಡು, ವಾರ್ಡಿನ ಮುಖ್ಯಸ್ಥ ಗುರ್ಕಾರ ಎಲ್ಲ ಇದ್ದರು. ನಾನೇನೂ ಹೇಳಬೇಕಾಗಿರಲಿಲ್ಲ. ಇಲ್ಲಿ ಎಲ್ಲರೂ ಕೇಳುತ್ತಾರೆ. ಕ್ರಿಶ್ಚಿಯನ್ ಅಂದ ಕೂಡಲೇ "ಕೇರಳವಾ, ಗೋವಾವಾ?" ಕರ್ನಾಟಕ ಅಂದರೆ ಎದುರಿಗಿದ್ದವರಿಗೆ ಸ್ವಲ್ಪ ಗೊಂದಲ. ಬಾಳೆಲೆಯ ಫೋಟೊ ನೋಡಿದ ಫಿಲಿಪಿನೋ ಸಹೋದ್ಯೋಗಿ, ಅವಳೂ ಕ್ಯಾಥೊಲಿಕ್ಕೇ, "ಇದು ಹಿಂದೂ ಹಬ್ಬ ಅಲ್ವಾ? ಹುಟ್ಟುಹಬ್ಬಕ್ಕೆ ಕೇಕ್ ಎಲ್ಲಿ?" ಅಂದಳು.

ಅವಳಿಗೆ ಎರಡು ಸಂಗತಿ ಹೇಳಿದೆ. ಮೊದಲ ಕೊಯ್ಲಿನ ಸಿವುಡನ್ನು ಯಾಜಕನ ಬಳಿಗೆ ತನ್ನಿ ಎಂದು ಬೈಬಲ್ಲಿನಲ್ಲೇ ಇದೆ, ಯಾಜಕಕಾಂಡದ 23ನೇ ಅಧ್ಯಾಯದಲ್ಲಿ. ನಮ್ಮ ನೆರೆಯ ತುಳುವರೂ ಹೊಸ ತೆನೆ ತಂದು ಮನೆಯಲ್ಲಿ ಕಟ್ಟುತ್ತಾರೆ, ಅದೂ ನಿಜ. ಮಂಗಳೂರು ಬಳಿಯ ಫರಂಗಿಪೇಟೆಯ ಮೊಂತೆ ಮರಿಯಾನೊ ಚರ್ಚಿನಲ್ಲಿ 1763ರಲ್ಲಿ ಗೋವಾದ ಪಾದ್ರಿ ಜೋಕಿಂ ಮಿರಾಂದಾ ಈ ಹಬ್ಬ ಶುರು ಮಾಡಿದರು ಎನ್ನುತ್ತಾರೆ. ಗದ್ದೆ ಇದ್ದ ಜನ, ಗದ್ದೆಯನ್ನೇ ದೇವರ ಮುಂದೆ ಇಟ್ಟರು. ಊರಿನದನ್ನೆಲ್ಲ ಕಳಚಿಟ್ಟರೇ ಶುದ್ಧ ವಿಶ್ವಾಸ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಹಾಗೆ ಕಳಚಿದರೆ ನನ್ನ ಕೈಯಲ್ಲಿ ಉಳಿಯುವುದು ಯಾರೋ ಬೇರೆಯವರ ವಿಶ್ವಾಸ.

ಆದರೆ ಕಳಚಬೇಕಾದದ್ದೂ ಇದೆ. ಕ್ರಿಸ್ತನಲ್ಲಿ ಯೆಹೂದ್ಯನೆಂದೂ ಗ್ರೀಕನೆಂದೂ ಭೇದವಿಲ್ಲ ಎಂದು ಪೌಲನ ಪತ್ರ ಓದಿ ಮನೆಗೆ ಬಂದವರೇ, ಮದುವೆ ಮಾತು ಎತ್ತಿದರೆ ಮೆಲ್ಲಗೆ ಜಾತಿ ವಿಚಾರಿಸುತ್ತಾರೆ. ದೀಕ್ಷಾಸ್ನಾನ ತೊಳೆಯಬೇಕಿದ್ದದ್ದು ಇದನ್ನೇ. ತೆನೆ ಬೇಡ, ಜಾತಿ ಇರಲಿ ಎನ್ನುವವರನ್ನು ಕಂಡರೆ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ತೆನೆ ಇಲ್ಲಿಗೆ ಹೇಗೆ ಬರುತ್ತದೆ ಅಂತೀರಾ? ಊರಿನಿಂದ ಬರುವ ಯಾರಾದರೂ ಬ್ಯಾಗಿನಲ್ಲಿ ತರುತ್ತಾರೆ. ಪಾದ್ರಿ ಆಶೀರ್ವದಿಸಿದ ಮೇಲೆ ಮನೆಗೊಂದೊಂದು ಕದಿರು. ಪ್ರಯಾಣದಲ್ಲಿ ಒಂದಷ್ಟು ಕಾಳು ಉದುರಿರುತ್ತವೆ, ಅದಕ್ಕೇ ನಾವು ಕವರನ್ನೂ ಕೊಡವಿ ನೋಡುತ್ತೇವೆ. ಊರಿನ ಹಸಿ ತೆನೆಯಲ್ಲಿ ಉಗುರು ಒತ್ತಿದರೆ ಹಾಲು ಬರುತ್ತದೆ. ಇದು ಒಣಗಿರುತ್ತದೆ. ಒಂದೊಂದೇ ಕಾಳಿನ ಸಿಪ್ಪೆ ಬಿಡಿಸಬೇಕು, ಬೆರಳ ತುದಿ ಚುಳುಚುಳು ಅನ್ನುತ್ತದೆ. ಎಲ್ಲ ಸೇರಿ ಅರ್ಧ ಚಮಚವೂ ಆಗುವುದಿಲ್ಲ. ಅದನ್ನು ಕುಟ್ಟಿ ತೆಂಗಿನ ಹಾಲಿಗೆ ಬೆರೆಸಿದರೆ ಇಡೀ ಮನೆಗೆ ಸಾಕು. ಮನೆಯ ಹಿರಿಯರು ಕೊಟ್ಟ ಮೇಲೆಯೇ ಕುಡಿಯಬೇಕು. ಯಾರಾದರೂ ಬಂದಿಲ್ಲದಿದ್ದರೆ ಅವರ ಪಾಲನ್ನು ತೆಗೆದಿಡಬೇಕು.

ಊಟಕ್ಕೆ ಪದಾರ್ಥ ಬೆಸ ಸಂಖ್ಯೆಯಲ್ಲಿ ಇರಬೇಕು. ಮೂರು, ಐದು, ಏಳು, ಅವರವರ ಶಕ್ತಿ. ಬೆಂಡೆ, ಅಲಸಂಡೆ, ಹಾಗಲ ಇಲ್ಲಿ ಧಾರಾಳವಾಗಿ ಸಿಗುತ್ತವೆ. ಕೆಸುವಿನ ದಂಟಿಗೆ ಮಾತ್ರ ಪರದಾಟ. ಹೆಸರುಬೇಳೆ ಪಾಯಸ ಆಯಿತು ಅಂದರೆ ಹಬ್ಬ ಆದಂತೆ. ಪಕ್ಕದ ಫ್ಲ್ಯಾಟಿನಲ್ಲಿ ಒಬ್ಬನೇ ಇರುವ ಉಡುಪಿಯ ಸಸ್ಯಾಹಾರಿ ಹುಡುಗ ನಮ್ಮ ಮನೆಯಲ್ಲೇ ಎಲೆ ಮುಂದೆ ಕೂರುತ್ತಾನೆ. "ವರ್ಷದಲ್ಲಿ ನಿಮ್ಮಲ್ಲಿ ಧೈರ್ಯವಾಗಿ ಊಟ ಮಾಡಬಹುದಾದ ದಿನ ಇದೊಂದೇ" ಎಂದು ನಗಿಸುತ್ತಾನೆ.

ರಾತ್ರಿ ತೆರ್ಸ್, ಅಂದರೆ ಜಪಸರ, ಮುಗಿದ ಮೇಲೆ ಹಿರಿಯರಿಂದ ಬೆಸಾಂವ್, ಅಂದರೆ ಆಶೀರ್ವಾದ, ಕೇಳುವುದು ನಮ್ಮ ಕ್ರಮ. ಹಿರಿಯರು ಊರಲ್ಲಿದ್ದಾರೆ, ಹಾಗಾಗಿ ವಿಡಿಯೊ ಕಾಲ್. ಮಗಳು ಫೋನಿನ ಮುಂದೆ ಕೈ ಮುಗಿದು ನಿಲ್ಲುತ್ತಾಳೆ, ಅಮ್ಮ ಆ ಕಡೆಯಿಂದ ಶಿಲುಬೆಯ ಗುರುತು ಹಾಕುತ್ತಾರೆ. ಎಷ್ಟೋ ಸಲ ನೆಟ್‌ವರ್ಕ್ ನಿಂತು ಅಮ್ಮನ ಕೈ ಅರ್ಧಕ್ಕೇ ನಿಲ್ಲುತ್ತದೆ. ಸರಿ ಹೋಗುವವರೆಗೆ ಮಗಳು ಕೈ ಬಿಡುವುದಿಲ್ಲ.

ಅಮ್ಮ ಊರಿನ ಚರ್ಚಿನ ತೆನೆಯನ್ನೂ ಅಂಚೆಯಲ್ಲಿ ಕಳಿಸುತ್ತಾರೆ. ಅದು ತಲುಪುವುದು ಹಬ್ಬ ಮುಗಿದು ಸುಮಾರು ದಿನ ಆದ ಮೇಲೆ. ಆಗ ಮತ್ತೊಮ್ಮೆ ತೆಂಗಿನ ಹಾಲು. ಕಳೆದ ಸಲ ಅದರಲ್ಲಿ ಫಿಲಿಪಿನೋ ಗೆಳತಿಗೂ ಪಾಲು ಕೊಟ್ಟೆವು. ಮುಂದಿನ ವರ್ಷ ಮರಿಯಮ್ಮನಿಗೆ ಕೇಕ್ ನಾನೇ ತರುತ್ತೇನೆ ಎಂದಳು. ಅಮ್ಮನಿಗೆ ಹೇಳಿದರೆ, "ತರಲಿ ಪಾಪ. ಮೊಟ್ಟೆ ಹಾಕಿರ್ತಾರಲ್ವಾ, ಅವತ್ತು ಬೇಡ, ಮರುದಿನ ತಿನ್ನಿ" ಅಂದರು.