ಪರದೆ ಮಿನುಗಲಿಲ್ಲ

ಅಪ್ಪನ ಇ-ಮೇಲ್ ಖಾತೆಗೆ ಯಾರೋ ನುಗ್ಗಿದ್ದಾರೆಂಬುದು ನಮಗೆ ತಿಳಿದದ್ದು ಒಂದು ಭಾನುವಾರದ ಸಂಜೆ, ಅವರ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ, "ತುರ್ತಾಗಿ ಹಣ ಬೇಕೆಂದು ಮೇಲ್ ಕಳಿಸಿದ್ದೀರಲ್ಲ, ಹುಷಾರಾಗಿದ್ದೀರಾ?" ಎಂದು ವಿಚಾರಿಸಿದಾಗ. ಅಪ್ಪ ಅಂಥ ಮೇಲ್ ಬರೆದೇ ಇರಲಿಲ್ಲ. ಫೋನ್ ಕೆಳಗಿಟ್ಟು ನನ್ನ ಕಡೆ ತಿರುಗಿ ಅವರು ಆಡಿದ ಮೊದಲ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಹ್ಯಾಕ್ ಆಗಿರಲಿಕ್ಕಿಲ್ಲ ಕಣೋ, ಪರದೆ ಒಂದು ಸಲವೂ ಮಿನುಗಲಿಲ್ಲ."

ಪ್ರೋಗ್ರಾಂ ಬರೆಯುವುದೇ ನನ್ನ ಕಸುಬು. ಸಿನಿಮಾ, ಧಾರಾವಾಹಿಗಳ ಹ್ಯಾಕಿಂಗ್ ದೃಶ್ಯಗಳನ್ನು ಅದುವರೆಗೆ ನಾನು ನಿರುಪದ್ರವಿ ಕಲ್ಪನೆಯೆಂದೇ ಬಗೆದಿದ್ದೆ. 1995ರ 'ದಿ ನೆಟ್' ಚಿತ್ರದಲ್ಲಿ ಜಾಲದಲ್ಲಿ ಕಂಪ್ಯೂಟರನ್ನು ಗುರುತಿಸುವ ಅಂಕಿಗಳಾದ ಐಪಿ ವಿಳಾಸವೊಂದರ ನಡುವೆ 345 ಎಂಬ ಸಂಖ್ಯೆ ಕಾಣಿಸುತ್ತದೆ. ಆ ಬಗೆಯ ವಿಳಾಸದ ಯಾವ ಭಾಗವೂ 255ನ್ನು ಮೀರುವಂತಿಲ್ಲ. ಇಂಥ ತಪ್ಪಿನಿಂದ ಯಾರಿಗೂ ನಷ್ಟವಿಲ್ಲ. ಆದರೆ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಸುರಿಯುತ್ತವೆ, ಕೆಂಪು ಎಚ್ಚರಿಕೆ ಕೂಗುತ್ತದೆ, ಆಮೇಲಷ್ಟೇ ಕಳ್ಳ ಒಳಗೆ ಬರುತ್ತಾನೆ ಎಂಬ ನಂಬಿಕೆ ಅಪ್ಪನಂಥ ವಿವೇಕಿಯ ಮನಸ್ಸಿನಲ್ಲೂ ಬೇರೂರಿತ್ತು. ಯಾವ ಸದ್ದೂ ಆಗದ ಕಾರಣ ಅವರು ನಿಶ್ಚಿಂತರಾಗಿದ್ದರು. ಇದು ನನಗೆ ಆ ಸಂಜೆ ನಿಜಕ್ಕೂ ನೋವುಂಟುಮಾಡಿತು.

ರಾತ್ರಿ ಎಂಟಕ್ಕೆ ಇಬ್ಬರೂ ಕಂಪ್ಯೂಟರಿನ ಮುಂದೆ ಕುಳಿತೆವು. ಖಾತೆಗೆ ಯಾವ ಯಾವ ಸಾಧನದಿಂದ ಲಾಗಿನ್ ಆಗಿದೆ ಎಂಬ ಪಟ್ಟಿಯಲ್ಲಿ, ಹನ್ನೊಂದು ದಿನಗಳ ಹಿಂದಿನ ಒಂದು ಸಾಲು ನಮ್ಮದಲ್ಲ. ಅದೇ ದಿನದ ಮೇಲ್‌ಗಳನ್ನು ಒಂದೊಂದಾಗಿ ತೆರೆಯುತ್ತಾ ಹೋದಾಗ, ಮೇಲ್‌ಬಾಕ್ಸ್ ತುಂಬಿದೆ, ಇಲ್ಲಿ ಒತ್ತಿ ಎನ್ನುವ ಸಂದೇಶ ಸಿಕ್ಕಿತು. ಲಿಂಕಿನ ವಿಳಾಸವನ್ನು ದೊಡ್ಡದಾಗಿಸಿ ತೋರಿಸಿದೆ: 'ಎಲ್' ಅಕ್ಷರ ಇರಬೇಕಾದ ಕಡೆ 1 ಎಂಬ ಅಂಕಿ ಇತ್ತು. ಅಪ್ಪ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಆ ನಕಲಿ ಪುಟದಲ್ಲಿ ಪಾಸ್‌ವರ್ಡನ್ನೂ ಮೊಬೈಲಿಗೆ ಬಂದ ಒಟಿಪಿಯನ್ನೂ ತಾವೇ ತುಂಬಿದ್ದು ಅವರಿಗೆ ನೆನಪಾಯಿತು. ಪುಟದ ಹಿಂದಿದ್ದವರು ಆ ಅಂಕಿಗಳನ್ನು ಅಸಲಿ ತಾಣದಲ್ಲಿ ಕೂಡಲೇ ಬಳಸಿ ಒಳಗೆ ಹೋಗಿದ್ದರು. ಯಾವ ಗೋಡೆಯನ್ನೂ ಒಡೆದಿರಲಿಲ್ಲ.

ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದಲೂ ಲಾಗ್‌ಔಟ್ ಮಾಡಿಸಿದ ಮೇಲೂ ನನಗೆ ಸಮಾಧಾನವಾಗಲಿಲ್ಲ, ಏಕೆಂದರೆ ಹಣ ಕೇಳಿದ ಮೇಲ್‌ಗಳಿಗೆ ಒಂದಾದರೂ ಉತ್ತರ ಬಂದಿರಲೇಬೇಕಿತ್ತು, ಇನ್‌ಬಾಕ್ಸಿನಲ್ಲಿ ಒಂದೂ ಇರಲಿಲ್ಲ. ಸೆಟ್ಟಿಂಗ್ಸಿನ ಪುಟಗಳನ್ನು ಸಾವಕಾಶವಾಗಿ ಓದುತ್ತಾ ಹೋದೆ. ಹನ್ನೊಂದೂವರೆಯ ಹೊತ್ತಿಗೆ ಸಿಕ್ಕಿದ್ದು ಒಂದೇ ಸಾಲಿನ ಫಿಲ್ಟರ್: ಆ ಉತ್ತರಗಳು ಬಂದ ಕೂಡಲೇ ಅಪರಿಚಿತ ವಿಳಾಸವೊಂದಕ್ಕೆ ರವಾನೆಯಾಗಿ, ಇಲ್ಲಿ ತಾವಾಗಿಯೇ ಅಳಿಸಿಹೋಗಬೇಕು. ಪಾಸ್‌ವರ್ಡ್ ಬದಲಿಸಿದರೂ ಇಂಥ ನಿಯಮ ಹಾಗೆಯೇ ಉಳಿಯುತ್ತದೆ. ಅದನ್ನು ಅಳಿಸಿದ್ದು ಮೌಸಿನ ಒಂದು ಕ್ಲಿಕ್ಕಿನಿಂದ. ಮೂರೂವರೆ ಗಂಟೆ ಪಕ್ಕದಲ್ಲೇ ಕುಳಿತಿದ್ದ ಅಪ್ಪ, "ನೀನು ಹೆಚ್ಚೇನೂ ಟೈಪ್ ಮಾಡಲೇ ಇಲ್ಲವಲ್ಲ" ಎಂದರು. ಹೌದು, ಓದಿದ್ದೇ ಹೆಚ್ಚು. ನನ್ನ ಕಚೇರಿಯ ದಿನಗಳೂ ಹೀಗೆಯೇ ಎಂದೆ: ಬೇರೆಯವರು ಬರೆದ ಕೋಡನ್ನು ಬೆಳಗಿನಿಂದ ಓದಿ, ಸಂಜೆಗೆ ಎರಡು ಸಾಲು ತಿದ್ದಿದರೆ ಅದು ಒಳ್ಳೆಯ ದಿನವೇ.

ಸಿನಿಮಾಗಳಿಗೆ ಇದು ಗೊತ್ತೇ ಇಲ್ಲವೆಂದು ಹೇಳಲಾರೆ. 2003ರ 'ದಿ ಮೇಟ್ರಿಕ್ಸ್ ರಿಲೋಡೆಡ್' ಚಿತ್ರದಲ್ಲಿ ನಾಯಕಿ ಬಳಸುವ ಎನ್‌ಮ್ಯಾಪ್ ಜಾಲದ ಕಂಪ್ಯೂಟರುಗಳಲ್ಲಿ ತೆರೆದಿರುವ ದಾರಿಗಳನ್ನು ಹುಡುಕುವ ನಿಜವಾದ ಉಪಕರಣ. ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ತಂತ್ರಾಂಶದಲ್ಲಿ ಅವಳು ಹಿಡಿಯುವ ದೋಷವೂ 2001ರಲ್ಲಿ ನಿಜವಾಗಿ ಬಯಲಾದದ್ದೇ. ಆದರೂ ನನ್ನ ಮೆಚ್ಚುಗೆ ಅದಕ್ಕಿಂತ 1983ರ 'ವಾರ್‌ಗೇಮ್ಸ್'ಗೆ ಸಲ್ಲುತ್ತದೆ. ಅದರ ಹುಡುಗ ಶಾಲೆಯ ಕಂಪ್ಯೂಟರಿಗೆ ನುಗ್ಗುವುದು ಯಾವ ಮಾಯಾ ಬೆರಳುಗಳಿಂದಲೂ ಅಲ್ಲ. ಕಚೇರಿಯಲ್ಲಿ ಒಂದು ಚೀಟಿಯ ಮೇಲೆ ಬರೆದಿಟ್ಟ ಪಾಸ್‌ವರ್ಡನ್ನು ಅವನು ನೋಡಿಕೊಂಡಿರುತ್ತಾನೆ, ಅಷ್ಟೆ. ಅಪ್ಪನಿಗೆ ಮಲಗುವ ಮುನ್ನ ಆ ದೃಶ್ಯದ ಕಥೆ ಹೇಳಿದೆ.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ತಮ್ಮ ಹಳೆಯ ಫೋನ್ ಡೈರಿ ತೆರೆದು ಕುಳಿತಿದ್ದರು. ಮೇಲ್ ಹೋಗಿದ್ದ ಒಬ್ಬೊಬ್ಬರಿಗೂ ಫೋನ್ ಮಾಡಿ, "ಅದು ನಾನು ಬರೆದದ್ದಲ್ಲ, ಆ ಲಿಂಕನ್ನು ನಾನೇ ಒತ್ತಿದ್ದೆ" ಎಂದು ಸಂಕೋಚವಿಲ್ಲದೆ ಹೇಳಿ, ಹೆಸರಿನ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು.