ಸೆಖೆಯ ಊರಲ್ಲಿ ಓವರ್‌ಕ್ಲಾಕಿಂಗ್, 142 ವ್ಯಾಟ್ ಎಂತಕ್ಕೆ ಮಾರಾಯ್ರೆ?

ಓವರ್‌ಕ್ಲಾಕ್ ಅಂದ್ರೆ ಪ್ರೊಸೆಸರನ್ನು ಕಂಪೆನಿ ಇಟ್ಟ ಸ್ಪೀಡಿಗಿಂತ ಜೋರಾಗಿ ಓಡಿಸ್ಲಿಕ್ಕೆ ಮಲ್ಟಿಪ್ಲೈಯರ್ (ಸ್ಪೀಡ್ ನಿರ್ಧರಿಸುವ ಅಂಕೆ) ಏರಿಸುದು, ಒಟ್ರಾಶಿ ವೋಲ್ಟೇಜ್ ಕೊಡುದು, ದೊಡ್ಡ ಕೂಲರ್ ತಂದು ಕೂರಿಸುದು, ಮತ್ತೆ ಸಿನಿಬೆಂಚ್ ಅಂತ ಸ್ಪೀಡ್ ಅಳೆಯುವ ಸಾಫ್ಟ್‌ವೇರಿನ ಸ್ಕೋರಿನ ಸ್ಕ್ರೀನ್‌ಶಾಟ್ ವಾಟ್ಸಾಪ್ ಗ್ರೂಪಿಗೆ ಹಾಕುದು, ಇಷ್ಟೇ ಅಂತ ತಿಳ್ಕೊಂಡವ್ರು ನಮ್ಮ ಮಂಗಳೂರಲ್ಲಿ ಈಗ್ಲೂ ಸುಮಾರು ಜನ ಇದ್ದಾರೆ. ನಂದು ಸ್ವಲ್ಪ ಉಲ್ಟಾ ಲೆಕ್ಕ. ಈಗಿನ ಪ್ರೊಸೆಸರನ್ನು ಕಂಪೆನಿಯವ್ರೇ ಎಷ್ಟು ಹಿಂಡ್ಲಿಕ್ಕೆ ಆಗ್ತದೋ ಅಷ್ಟು ಹಿಂಡಿ ಕಳಿಸ್ತಾರೆ, ಮೇಲೆ ಏರಿಸ್ಲಿಕ್ಕೆ ನಮಗೆ ಉಳಿದದ್ದು ಚೂರು, ಕೆಳಗೆ ಇಳಿಸ್ಲಿಕ್ಕೆ ಮಾತ್ರ ಭಾರಿ ಜಾಗ ಉಂಟು.

ನನ್ನ ಹತ್ರ ಇರುದು ಎಎಂಡಿಯ ಪ್ರೊಸೆಸರ್ ರೈಜನ್ 7 7700ಎಕ್ಸ್. ಕೆಲ್ಸ ಹೆಚ್ಚಾಗಿ ಯಕ್ಷಗಾನದ್ದು, ಕಂಬಳದ್ದು ವಿಡಿಯೋ ಎಡಿಟಿಂಗ್, ಇಡೀ ರಾತ್ರಿಯ ಆಟದ ಫೂಟೇಜನ್ನು ಸಾಫ್ಟ್‌ವೇರ್ ಎನ್‌ಕೋಡಿಂಗಿಗೆ ಹಾಕಿದ್ರೆ, ಅಂದ್ರೆ ವಿಡಿಯೋವನ್ನು ಚಿಕ್ಕ ಫೈಲಾಗಿ ಮಾಡುವ ಕೆಲ್ಸವನ್ನು ಪ್ರೊಸೆಸರಿಗೇ ಕೊಟ್ರೆ, ಚಿಪ್ಪಿನ ಎಂಟು ಕೋರೂ ಗಂಟೆಗಟ್ಲೆ ಫುಲ್ ಲೋಡಲ್ಲಿ ಇರ್ತದೆ. ಸ್ಪೆಕ್ಕಲ್ಲಿ ಟಿಡಿಪಿ (ಕೂಲರ್ ಆರಿಸ್ಲಿಕ್ಕೆ ಕೊಡುವ ಬಿಸಿಯ ಲೆಕ್ಕ) 105 ವ್ಯಾಟ್ ಅಂತ ಬರೆದಿದ್ದಾರೆ, ಆದ್ರೆ ಸಾಕೆಟ್ಟಿಗೆ, ಅಂದ್ರೆ ಚಿಪ್ಪಿಗೆ, ನಿಜವಾಗಿ ಬಿಡುವ ಪವರಿನ ಲಿಮಿಟ್, ಪಿಪಿಟಿ ಅಂತ ಕರೀತಾರಲ್ಲ, ಅದು 142 ವ್ಯಾಟ್. ಟೆಂಪರೇಚರ್ ಲಿಮಿಟ್ 95 ಡಿಗ್ರಿ. 2022ರಲ್ಲಿ ಈ ಸೀರೀಸ್ ಬಂದಾಗ ಎಎಂಡಿಯವ್ರು 95 ಡಿಗ್ರಿಗೆ ಹೋಗುದು ಡಿಸೈನೇ ಹಾಗೆ, ಹೆದರ್ಬೇಡಿ ಅಂದ್ರು. ಸರಿ, ಚಿಪ್ಪಿಗೆ ಎಂತ ಆಗುದಿಲ್ಲ, ಆದ್ರೆ ಅದೇ ರೂಮಲ್ಲಿ ಕೂತ್ಕೊಂಡವನ ಕಥೆ ಎಂತ?

ಇಲ್ಲಿ ಒಂದು ಚಿಕ್ಕ ಗಣಿತ ಗೊತ್ತಿದ್ರೆ ಉಳಿದದ್ದೆಲ್ಲ ಸುಲಭ. ಚಿಪ್ಪು ಕೆಲ್ಸ ಮಾಡುವಾಗ ತಿನ್ನುವ ಪವರ್ ಕ್ಲಾಕ್ ಸ್ಪೀಡಿನ ಜೊತೆ ನೇರ ಏರ್ತದೆ, ವೋಲ್ಟೇಜಿನ ಜೊತೆ ಮಾತ್ರ ವರ್ಗದಲ್ಲಿ ಏರ್ತದೆ (ವೋಲ್ಟೇಜ್ ಎರಡು ಪಟ್ಟಾದ್ರೆ ಪವರ್ ನಾಲ್ಕು ಪಟ್ಟು). 4.5 ಗಿಗಾಹರ್ಟ್ಸ್‌ಗೆ 1.20 ವೋಲ್ಟ್ ಸಾಕಾಗ್ತಿತ್ತು, 4.8 ಮಾಡ್ಲಿಕ್ಕೆ 1.35 ಬೇಕಾಯ್ತು ಅಂತ ಇಟ್ಕೊಳ್ಳಿ. ಸ್ಪೀಡ್ ಹೆಚ್ಚಾದದ್ದು ಆರೂಮುಕ್ಕಾಲು ಪರ್ಸೆಂಟಿನ ಹತ್ರ, ಪವರ್ ಹೆಚ್ಚಾದದ್ದು 35 ಪರ್ಸೆಂಟ್! ಬೇಗ ಮುಗಿದು ಬೇಗ ಐಡಲ್ ಆಗ್ತದಲ್ಲ, ಕರೆಂಟ್ ಅಲ್ಲಿಗೆ ಸರಿಹೋಗ್ತದೆ ಅಂತ ಹೇಳುವವ್ರು ಉಂಟು, ಹಾಗೆ ಆಗುದಿಲ್ಲ, ಬೇಗ ಮುಗಿದ ಟೈಮನ್ನೂ ಸೇರಿಸಿ ಲೆಕ್ಕ ಹಾಕಿದ್ರೆ ಅದೇ ಒಂದು ವಿಡಿಯೋಗೆ ಚಿಪ್ಪು ಮೊದ್ಲಿಗಿಂತ ಕಾಲು ಪಾಲಿಗೂ ಮಿಕ್ಕಿ ಹೆಚ್ಚು ಕರೆಂಟ್ ತಿಂದಿರ್ತದೆ. ಇದರ ಮೇಲೆ ಲೀಕೇಜ್ ಬೇರೆ, ಅಂದ್ರೆ ಕೆಲ್ಸ ಇಲ್ಲದೆಯೂ ಸೋರುವ ಕರೆಂಟ್, ಚಿಪ್ಪು ಬಿಸಿ ಆದಷ್ಟೂ ಅದು ಹೆಚ್ಚಾಗ್ತದೆ.

ರಿವ್ಯೂ ಮಾಡುವವ್ರ ರೂಮು ಇಪ್ಪತ್ತೆರಡು ಡಿಗ್ರಿ ಆಸುಪಾಸು ಇರ್ತದೆ, ಏಪ್ರಿಲಲ್ಲಿ ನಮ್ಮ ಕದ್ರಿಯಲ್ಲೋ ಬಿಜೈಯಲ್ಲೋ ಮಧ್ಯಾಹ್ನ ಎಸಿ ಇಲ್ಲದ ರೂಮು ಮೂವತ್ಮೂರು ಮೂವತ್ನಾಲ್ಕು. ಆ ಹನ್ನೆರಡು ಡಿಗ್ರಿ ಹೆಚ್ಚುಕಮ್ಮಿ ಹಾಗೇ ಬಂದು ಸಿಪಿಯು ಟೆಂಪರೇಚರಿಗೆ ಸೇರ್ಕೊಳ್ತದೆ, ಹಾಗಾಗಿ ಅವ್ರ ಗ್ರಾಫ್ ನೋಡಿ ಕೂಲರ್ ಆರಿಸುದು ನಮಗೆ ಪೂರ್ತಿ ಉಪಯೋಗ ಇಲ್ಲ. (ಹ್ಯುಮಿಡಿಟಿ ಬಗ್ಗೆ ಕೇಳುವವ್ರು ತುಂಬ ಜನ. ಸಿಪಿಯುಗೆ ಬೆವರುದೆಲ್ಲ ಇಲ್ಲ, ಅದರ ಲೆಕ್ಕದಲ್ಲಿ ಒಣ ಗಾಳಿ ಪಸೆ ಗಾಳಿ ಎರಡೂ ಒಂದೇ, ಕಷ್ಟ ನಮಗೆ ಮಾತ್ರ. ಸುರತ್ಕಲ್, ಮಲ್ಪೆ ಕಡೆ ಕಡಲಿಗೆ ಹತ್ರ ಇದ್ದವ್ರು ಉಪ್ಪುಗಾಳಿಯ ತುಕ್ಕು ನೋಡ್ಕೊಳ್ಬೇಕು, ಅದು ಬೇರೆ ವಿಷಯ.) ಮತ್ತೆ ಸಿಪಿಯು ತಗೊಂಡ ಕರೆಂಟೆಲ್ಲ ಕೊನೆಗೆ ಬಿಸಿಯಾಗಿ ರೂಮಿಗೇ ಬರುದು. ದೊಡ್ಡ ಲಿಕ್ವಿಡ್ ಕೂಲರ್ ಹಾಕಿದ್ರೂ ಅಷ್ಟೇ, ಬಿಸಿಯನ್ನು ಚಿಪ್ಪಿಂದ ತೆಗ್ದು ನಿಮ್ಮ ಕಾಲಿನ ಬುಡಕ್ಕೆ ಬಿಡ್ತದೆ.

ಈಗ ನಾನು ಎಂತ ಮಾಡಿದ್ದು ಅಂದ್ರೆ ಮೊದ್ಲು ಬಯೋಸಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಸ್ಕ್ರೀನ್) ಇಕೋ ಮೋಡ್ ಅಂತ ಪವರ್ ತಗ್ಗಿಸುವ ಸೆಟ್ಟಿಂಗನ್ನು 65 ವ್ಯಾಟಿಗೆ ಇಟ್ಟದ್ದು, ಅಂದ್ರೆ ಪಿಪಿಟಿ 142ರಿಂದ 88ಕ್ಕೆ. ಎನ್‌ಕೋಡಿಂಗಲ್ಲಿ ಕಳ್ಕೊಂಡದ್ದು ಅಬ್ಬಬ್ಬಾ ಅಂದ್ರೆ ಐದಾರು ಪರ್ಸೆಂಟ್. ಗೇಮಲ್ಲಿ ವ್ಯತ್ಯಾಸವೇ ಗೊತ್ತಾಗುದಿಲ್ಲ, ಯಾಕಂದ್ರೆ ಗೇಮು ಎಲ್ಲ ಕೋರನ್ನೂ ಒಟ್ಟಿಗೆ ತುಂಬಿಸುದು ಕಮ್ಮಿ, ಆ ಲಿಮಿಟನ್ನು ಮುಟ್ಟುದೂ ಕಮ್ಮಿ. ನಂಬಿಕೆ ಬರ್ಲಿಲ್ವಾ, ಎಎಂಡಿಯವ್ರೇ 2023ರ ಜನವರಿಯಲ್ಲಿ 7700 ಅಂತ ಎಕ್ಸ್ ಇಲ್ಲದ್ದು ಬಿಟ್ರಲ್ಲ, ಅದೂ ಎಂಟು ಕೋರು, 65 ವ್ಯಾಟ್.

ಆಮೇಲೆ ಕರ್ವ್ ಆಪ್ಟಿಮೈಸರ್, ಒಂದೊಂದು ಕೋರಿಗೂ ಹೋಗುವ ವೋಲ್ಟೇಜನ್ನು ಸ್ವಲ್ಪ ಸ್ವಲ್ಪ ಇಳಿಸುವ ಬಯೋಸ್ ಸೆಟ್ಟಿಂಗ್. ನಿಜವಾದ ಗಮ್ಮತ್ತು ಇರುದು ಇಲ್ಲಿ. ಮೈನಸ್ 30ರಂಥ ಅಂಕೆ ಕೂಡ ಹಾಕ್ಲಿಕ್ಕೆ ಆಗ್ತದೆ, ಒಂದೊಂದು ಸ್ಟೆಪ್ಪಿಗೆ ಸುಮಾರು 3ರಿಂದ 5 ಮಿಲಿವೋಲ್ಟ್ ಇಳೀತದೆ. ವೋಲ್ಟೇಜ್ ಇಳಿದ್ರೆ ಅದೇ 88 ವ್ಯಾಟಲ್ಲಿ ಚಿಪ್ಪಿಗೆ ಇನ್ನೂ ಮೇಲೆ ಹೋಗ್ಲಿಕ್ಕೆ ಜಾಗ ಸಿಗ್ತದೆ, ಇಕೋ ಮೋಡಲ್ಲಿ ಕಳ್ಕೊಂಡದ್ದರಲ್ಲಿ ಒಂದು ಪಾಲು ಇಲ್ಲೇ ವಾಪಸ್ ಬರ್ತದೆ. ಯೂಟ್ಯೂಬಲ್ಲಿ ನೋಡಿ ಎಲ್ಲ ಕೋರಿಗೂ ಸೀದಾ ಮೈನಸ್ 30 ಹಾಕ್ಬೇಡಿ. ಮೈನಸ್ 10ರಿಂದ ಶುರು ಮಾಡಿ ನಿಧಾನಕ್ಕೆ ಇಳಿಸಿ, ಚಿಪ್ಪಲ್ಲಿ ಎಲ್ಲಕ್ಕಿಂತ ಜೋರಾಗಿ ಓಡುವ ಎರಡು ಕೋರುಗಳಿಗೆ ಸ್ವಲ್ಪ ಕಮ್ಮಿಯೇ ಇರ್ಲಿ, ಅವು ಹೆಚ್ಚಾಗಿ ಜಾಸ್ತಿ ಮೈನಸ್ ತಡ್ಕೊಳ್ಳುದಿಲ್ಲ. ಇನ್ನೊಂದು, ಸಿನಿಬೆಂಚ್ ಅರ್ಧ ಗಂಟೆ ಓಡಿತು, ಪಾಸ್ ಆಯ್ತು ಅಂತ ಖುಷಿಪಡ್ಬೇಡಿ, ಈ ತರ ಅಂಡರ್‌ವೋಲ್ಟ್ ಕೈಕೊಡುದು ಫುಲ್ ಲೋಡಿಗಿಂತ ಹೆಚ್ಚಾಗಿ ಬ್ರೌಸರ್ ತೆರೆದಿಟ್ಟು ಸುಮ್ನೆ ಕೂತಿರುವಾಗ, ಒಂದೇ ಕೋರು ಚಂಗನೆ ಮೇಲೆ ಹಾರುವಾಗ. ಅದಕ್ಕೆ ಕೋರ್‌ಸೈಕ್ಲರ್ ಅಂತ ಉಂಟು, ಒಂದೊಂದೇ ಕೋರನ್ನು ಹಿಡಿದು ಪರೀಕ್ಷೆ ಮಾಡ್ತದೆ, ರಾತ್ರಿ ಹಾಕಿ ಮಲಗಿ. ವಿಂಡೋಸಿನ ಈವೆಂಟ್ ವ್ಯೂವರಲ್ಲಿ ವೀಯಾ (WHEA) ಎರರ್, ಅಂದ್ರೆ ಹಾರ್ಡ್‌ವೇರ್ ತಪ್ಪಿನ ದಾಖಲೆ, ಕಂಡ್ರೆ ಆ ಕೋರಿಗೆ ಎರಡು ಮೂರು ಸ್ಟೆಪ್ ವಾಪಸ್ ಕೊಡಿ. ಎಚ್‌ಡಬ್ಲ್ಯೂಇನ್ಫೋ ಅಂತ ಸೆನ್ಸರ್ ನೋಡುವ ಸಾಫ್ಟ್‌ವೇರಲ್ಲಿ ಫುಲ್ ಲೋಡ್ ಇರುವಾಗ ಎಫೆಕ್ಟಿವ್ ಕ್ಲಾಕ್ (ನಿಜವಾಗಿ ಓಡಿದ ಸ್ಪೀಡ್) ಸಾಲನ್ನೂ ನೋಡಿ, ತೋರಿಸುವ ಸ್ಪೀಡ್ 5 ಗಿಗಾಹರ್ಟ್ಸ್, ಎಫೆಕ್ಟಿವ್ ಅದಕ್ಕಿಂತ ಭಾರಿ ಕೆಳಗೆ ಅಂತಾದ್ರೆ ವೋಲ್ಟೇಜ್ ಸಾಕಾಗ್ತಿಲ್ಲ ಅಂತ ಲೆಕ್ಕ, ಸ್ಕೋರೂ ಇಳೀತದೆ.

ಕರೆಂಟ್ ಬಿಲ್ ಎಷ್ಟು ಉಳೀತದೆ ಅಂತ ಕೇಳಿದ್ರೆ, ಹೆಚ್ಚಿನವ್ರಿಗೆ ಏನೂ ಇಲ್ಲ. 54 ವ್ಯಾಟ್ ಉಳಿತಾಯ, ದಿನಕ್ಕೆ ಆರು ಗಂಟೆ ಫುಲ್ ಲೋಡ್ ಇದ್ರೆ ತಿಂಗಳಿಗೆ ಹತ್ತು ಯುನಿಟಿನ ಹತ್ರ, ಗೇಮ್ ಮಾತ್ರ ಆಡುವವ್ರಿಗೆ ಅಷ್ಟೂ ಇಲ್ಲ. ಆದ್ರೆ ಗೃಹಜ್ಯೋತಿಯಲ್ಲಿ ಇರುವವ್ರು, 200 ಯುನಿಟ್ ದಾಟಿದ್ರೆ ಇಡೀ ಬಿಲ್ ಕಟ್ಬೇಕು ಅಲ್ವಾ, ಬೇಸಿಗೆಯಲ್ಲಿ ಅದರ ಅಂಚಲ್ಲಿ ಇರುವ ಮನೆಗೆ ಹತ್ತು ಯುನಿಟ್ ಸಣ್ಣದಲ್ಲ. ಮಳೆಗಾಲದಲ್ಲಿ ಇನ್ನೊಂದು ಉಪಯೋಗ, ಗಾಳಿಮಳೆಗೆ ಕರೆಂಟ್ ಹೋದಾಗ ಅದೇ ಚಿಕ್ಕ ಯುಪಿಎಸ್ ಜಾಸ್ತಿ ಹೊತ್ತು ಎಳೀತದೆ, ಪ್ರಾಜೆಕ್ಟ್ ಸೇವ್ ಮಾಡಿ ಆರಾಮಲ್ಲಿ ಆಫ್ ಮಾಡ್ಬಹುದು.

ವೋಲ್ಟೇಜ್ ಏರಿಸಿಯೇ ಆಗ್ಬೇಕು ಅನ್ನುವವ್ರಿಗೆ ಒಂದು ಮಾತು. 2024ರಲ್ಲಿ ಇಂಟೆಲ್ 13, 14ನೇ ಜನರೇಶನ್ ಡೆಸ್ಕ್‌ಟಾಪ್ ಚಿಪ್ಪುಗಳು ಕ್ರ್ಯಾಶ್ ಆಗ್ತಿದ್ದದ್ದಕ್ಕೆ ಕಾರಣ ಹೆಚ್ಚಾದ ವೋಲ್ಟೇಜೇ ಅಂತ ಅವ್ರೇ ಹೇಳಿ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಬಿಟ್ರು, ವಾರಂಟಿ ಎರಡು ವರ್ಷ ಹೆಚ್ಚು ಮಾಡಿದ್ರು. ಅದಕ್ಕೆ ಹಿಂದಿನ ವರ್ಷ ಎಎಂಡಿಯವ್ರೂ ಎಸ್‌ಒಸಿ ವೋಲ್ಟೇಜಿಗೆ (ಚಿಪ್ಪಿನ ಒಳಗಿನ ಮೆಮೊರಿ ಕಂಟ್ರೋಲರ್ ಇತ್ಯಾದಿಗೆ ಹೋಗುವ ವೋಲ್ಟೇಜ್) 1.3 ವೋಲ್ಟ್ ಅಂತ ಮಿತಿ ಹಾಕ್ಬೇಕಾಯ್ತು. ಕಂಪೆನಿಯವ್ರಿಗೇ ಇಷ್ಟು ಮಂಡೆಬಿಸಿ ಆದ ಜಾಗದಲ್ಲಿ ನಾವು ಕೈಹಾಕಿ 200 ಮೆಗಾಹರ್ಟ್ಸ್ ತೆಗೆಯುದು ನನಗಂತೂ ಬೇಡ. ದೊಡ್ಡ ಕೂಲರಿಗೆ ಹಾಕುವ ದುಡ್ಡಿಗೆ ರ್‍ಯಾಮ್ ಒಳ್ಳೇದು ತಗೊಂಡು ಎಕ್ಸ್‌ಪೋದಲ್ಲಿ (ರ್‍ಯಾಮನ್ನು ಅದರ ಪೂರ್ತಿ ಸ್ಪೀಡಿಗೆ ತರುವ ಬಯೋಸ್ ಸೆಟ್ಟಿಂಗ್) 6000ದ ಸ್ಪೀಡಿಗೆ ಓಡಿಸಿ, ಗೇಮಲ್ಲಿ ಅದರದ್ದೇ ಫಲ ಜಾಸ್ತಿ.

ಹಾಂ, ಬಯೋಸ್ ಅಪ್‌ಡೇಟ್ ಮಾಡಿದ್ರೆ ಇದೆಲ್ಲ ಡಿಫಾಲ್ಟಿಗೆ ಹೋಗ್ತದೆ, ಯಾವ ಕೋರಿಗೆ ಎಷ್ಟು ಮೈನಸ್ ಅಂತ ಮೊಬೈಲಲ್ಲಿ ಒಂದು ಫೋಟೋ ತೆಗೆದಿಟ್ಕೊಳ್ಳಿ.