ಎಲ್ಲರಿಗೂ ಕಾಫಿ ಎಂದ ಮೇಷ್ಟ್ರು

ಪತ್ರಿಕೆಗೆ ಏನಾದರೂ ಬರೆದುಕೊಡಿ ಮೇಡಂ ಎಂದು ನಮ್ಮ ಕಾಲೇಜಿನ ಹುಡುಗನೊಬ್ಬ ಫೋನ್ ಮಾಡಿದಾಗ ನನಗೆ ಥಟ್ಟನೆ ನೆನಪಾದದ್ದು ಕ್ಯಾಂಟೀನಿನ ಬೈಟು ಕಾಫಿ. ಅದರ ಹಿಂದೆಯೇ ನಮ್ಮ ಸಂವಿಧಾನದ ಸರ್. ಕೆಲವು ರಾಜ್ಯಗಳಿಗೆ ವಿಶೇಷ ಸವಲತ್ತು ಕೊಡುವ 371ನೇ ವಿಧಿಯ ಬಾಲಕ್ಕೆ ಎ, ಬಿ, ಸಿ ಅಂತ ಒಂದೊಂದೇ ರಾಜ್ಯ ಸೇರಿಕೊಂಡ ಕಥೆ ಹೇಳುತ್ತಿದ್ದವರು ನಡುವೆ, "ಸ್ಪೇನ್‌ನಲ್ಲಿ ಒಬ್ಬ ಲಾ ಮೇಷ್ಟ್ರು ಎಲ್ಲರಿಗೂ ಕಾಫಿ ಅಂದುಬಿಟ್ಟ, ಗೊತ್ತೇನ್ರೋ?" ಎಂದರು. "ನೀವ್ಯಾವಾಗ ಕೊಡಿಸ್ತೀರಿ ಸರ್?" ಎಂದಿತು ಹಿಂದಿನ ಬೆಂಚು. ಅಷ್ಟರಲ್ಲಿ ಬೆಲ್ ಹೊಡೆಯಿತು.

ಉಳಿದ ಪಾಠ ನನಗೆ ಸಿಕ್ಕಿದ್ದು ಸ್ಪೇನ್‌ನ ಸೆವಿಲ್‌ನಲ್ಲಿ. ಒಂದು ವರ್ಷದ ಕೋರ್ಸಿಗೆಂದು ಹೋಗಿದ್ದೆ. ಅಲ್ಲಿನ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ 18ನೇ ಶತಮಾನದ ಹೊಗೆಸೊಪ್ಪಿನ ಕಾರ್ಖಾನೆ. ಆ ಕಾಫಿ ಮೇಷ್ಟ್ರು ಕಾನೂನು ಕಲಿಸಿದ್ದು ಆ ಕಟ್ಟಡದಲ್ಲೇ. ಹೆಸರು ಮನುಯೆಲ್ ಕ್ಲಾವೆರೊ ಅರೆವಲೊ. 1926ರಲ್ಲಿ ಅದೇ ಊರಲ್ಲಿ ಹುಟ್ಟಿದವರು. ಕಲಿಸುತ್ತಿದ್ದದ್ದು ಆಡಳಿತ ಕಾನೂನು. ಎಷ್ಟು ಒಣ ವಿಷಯ ಅಂತ ಓದಿದವರಿಗೇ ಗೊತ್ತು! ಮುಂದೆ ಸ್ಪೇನ್‌ನ ಪ್ರಧಾನಿಯಾದ ಫೆಲಿಪೆ ಗೊನ್ಸಾಲೆಸ್ ಅವರ ಶಿಷ್ಯ. 70ರ ದಶಕದ ಮೊದಲಲ್ಲಿ, ಇನ್ನೂ ಸರ್ವಾಧಿಕಾರಿ ಫ್ರಾಂಕೊ ಬದುಕಿದ್ದಾಗ, ಕ್ಲಾವೆರೊ ಅಲ್ಲಿನ ರೆಕ್ಟರ್, ಅಂದರೆ ನಮ್ಮ ಕುಲಪತಿ ಇದ್ದಂತೆ.

1975ರಲ್ಲಿ ಫ್ರಾಂಕೊ ಸತ್ತ. ಮೇಷ್ಟ್ರು ಸೆವಿಲ್ ಇರುವ ದಕ್ಷಿಣದ ಪ್ರದೇಶ ಆಂಡಲೂಸಿಯಾದಲ್ಲಿ ಒಂದು ಪುಟ್ಟ ಪಕ್ಷ ಕಟ್ಟಿದರು. ಅದು ಆಗಿನ ಪ್ರಧಾನಿ ಅಡಾಲ್ಫೊ ಸುವಾರೆಸ್ ಅವರ ದೊಡ್ಡ ಕೂಟದಲ್ಲಿ ಸೇರಿಹೋಯಿತು. 1977ರಲ್ಲಿ ಸುವಾರೆಸ್ ಇವರನ್ನು ಪ್ರದೇಶಗಳ ಮಂತ್ರಿ ಮಾಡಿದರು. ಕಾಫಿ ಪ್ರಸಂಗ ಆಗಿನದು. ಕತಲೂನ್ಯ, ಬಾಸ್ಕ್ ನಾಡು, ಗಲೀಸಿಯಾ ಈ ಮೂರೂ ಸ್ವಾಯತ್ತತೆಗಾಗಿ, ಅಂದರೆ ತಮ್ಮ ಆಡಳಿತ ತಾವೇ ನೋಡಿಕೊಳ್ಳಲು, 30ರ ದಶಕದಲ್ಲೇ ಜನಮತ ಪಡೆದಿದ್ದವು. ಹಾಗಾಗಿ ಅವರಿಗೆ ಕೊಟ್ಟರೆ ಸಾಕು ಅನ್ನುವವರು ಜಾಸ್ತಿ ಇದ್ದರು. ಮೂವರ ಮುಂದೆ ಬಿಸಿ ಕಾಫಿ ಇಟ್ಟು ಉಳಿದವರಿಗೆ ನೀರಿನ ಲೋಟ ತಳ್ಳುವುದು ಮೇಷ್ಟ್ರಿಗೆ ಒಪ್ಪಿಗೆಯಾಗಲಿಲ್ಲ. ಕೇಳಿದವರಿಗೆಲ್ಲ ಕೊಡಬೇಕು ಅಂದರು. "ಕಫೆ ಪಾರಾ ತೋದೋಸ್", ಎಲ್ಲರಿಗೂ ಕಾಫಿ, ಎಂಬ ಮಾತು ಅವರ ಹೆಸರಿಗೇ ಅಂಟಿತು. ಇವತ್ತು ಸ್ಪೇನ್‌ನಲ್ಲಿ 17 ಸ್ವಾಯತ್ತ ಪ್ರದೇಶಗಳಿವೆ.

ಅವರನ್ನು ಬಯ್ಯುವವರೂ ಕಡಿಮೆಯಿಲ್ಲ. ಎಲ್ಲರಿಗೂ ಹಂಚಲು ಹೋಗಿ ಕಾಫಿಗೆ ನೀರು ಬೆರೆಸಿದರು ಅಂತ. ನನಗೇನೋ ಅದು ಸರಿ ಅನ್ನಿಸುವುದಿಲ್ಲ. ಬಾಸ್ಕ್ ಮತ್ತು ನವಾರಾದವರು ಈಗಲೂ ತೆರಿಗೆಯನ್ನು ತಾವೇ ವಸೂಲಿ ಮಾಡಿ ಮ್ಯಾಡ್ರಿಡ್‌ಗೆ ಒಂದು ಪಾಲು ಕಳಿಸುತ್ತಾರೆ. ಅವರ ಲೋಟದಲ್ಲಿ ಡಿಕಾಕ್ಷನ್ ಗಟ್ಟಿಯಾಗಿಯೇ ಇದೆ, ಅಲ್ವಾ?

ನನಗೆ ಈ ಮೇಷ್ಟ್ರು ಇಷ್ಟವಾಗಿದ್ದು ಕಾಫಿಗಲ್ಲ, 1980ರ ಜನವರಿಗಾಗಿ. 1978ರ ಸಂವಿಧಾನದಲ್ಲಿ ಸ್ವಾಯತ್ತತೆಗೆ ಎರಡು ದಾರಿ. 143ನೇ ವಿಧಿಯದು ನಿಧಾನ. 151ನೆಯದು ಬೇಗ, ಆದರೆ ಏರು ಹಾದಿ. ಪ್ರತಿ ಜಿಲ್ಲೆಯಲ್ಲೂ, ಬಂದು ಓಟು ಹಾಕಿದವರಲ್ಲಲ್ಲ, ಪಟ್ಟಿಯಲ್ಲಿರುವ ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೌದು ಅನ್ನಬೇಕು. ಸತ್ತವರ ಹೆಸರು ಪಟ್ಟಿಯಲ್ಲಿ ಉಳಿದಿದ್ದರೆ ಅದೂ 'ಇಲ್ಲ' ಅಂದ ಲೆಕ್ಕವೇ. ಆಂಡಲೂಸಿಯಾ ಇದೇ ದಾರಿ ಹಿಡಿದಿತ್ತು. ಸರ್ಕಾರ ಮಾತ್ರ ದಿಢೀರನೆ ತಿರುಗಿಬಿತ್ತು. ನಿಧಾನದ ದಾರಿಯಲ್ಲೇ ಬನ್ನಿ, ಈ ಜನಮತಗಣನೆಗೆ ಓಟು ಹಾಕಲು ಹೋಗಬೇಡಿ ಎಂದು ಆಳುವ ಪಕ್ಷವೇ ಪ್ರಚಾರಕ್ಕೆ ಇಳಿಯಿತು. ಕ್ಲಾವೆರೊ ಆಗ ಸಂಸ್ಕೃತಿ ಮಂತ್ರಿ. ಸುಮ್ನೆ ಕುರ್ಚಿಯಲ್ಲಿ ಕೂತಿರಬಹುದಿತ್ತು. ರಾಜೀನಾಮೆ ಬಿಸಾಕಿ ಊರಿಗೆ ಬಂದರು. ಪಕ್ಷವನ್ನೂ ಬಿಟ್ಟರು.

ನಾನು ಬಾಡಿಗೆಗಿದ್ದ ಮನೆಯ ಅಜ್ಜಿ 1980ರ ಫೆಬ್ರವರಿ 28ರಂದು ಓಟು ಹಾಕಿದವರು. ಚೀಟಿಯ ಪ್ರಶ್ನೆಯನ್ನು ಮೂರು ಸಲ ಓದಿದರಂತೆ. ನಾನೂ ಆಮೇಲೆ ಹುಡುಕಿ ಓದಿದೆ. 'ಸಂವಿಧಾನದ 151ನೇ ವಿಧಿ', 'ಸದರಿ ವಿಧಿಯಲ್ಲಿ ಹೇಳಿರುವ ಕ್ರಮ' ಅಂತೆಲ್ಲ ಇದೆ. ಆಂಡಲೂಸಿಯಾ ಎಂಬ ಪದವೂ ಇಲ್ಲ, ಸ್ವಾಯತ್ತತೆ ಎಂಬ ಪದವೂ ಇಲ್ಲ! "ಪ್ರಶ್ನೆ ತಲೆಬುಡ ಅರ್ಥ ಆಗಲಿಲ್ಲ ಮಗಳೇ. ಆದರೆ ಡಾನ್ ಮನುಯೆಲ್ ಮಂತ್ರಿ ಪದವಿ ಬಿಟ್ಟು ಬಂದಿದ್ದಾರೆ ಅನ್ನೋದು ಅರ್ಥ ಆಗಿತ್ತು" ಎಂದರು ಅಜ್ಜಿ, ಬ್ರೆಡ್ಡಿನ ಮೇಲೆ ಆಲಿವ್ ಎಣ್ಣೆ ಸುರಿಯುತ್ತಾ. ಎಂಟು ಜಿಲ್ಲೆಗಳಲ್ಲಿ ಅಲ್ಮೆರಿಯಾ ಅರ್ಧ ದಾಟಲಿಲ್ಲ. ಕೊನೆಗೆ ಕಾನೂನನ್ನೇ ತಿದ್ದಿ ದಾರಿ ಬಿಡಿಸಬೇಕಾಯಿತು. ಈಗ ಆ ದಿನ ಅಲ್ಲಿ ನಾಡಹಬ್ಬ. ಶಾಲೆಗಳಲ್ಲಿ ಮಕ್ಕಳಿಗೆ ಅದೇ ಎಣ್ಣೆ ಬ್ರೆಡ್ಡಿನ ತಿಂಡಿ.

ಮೇಷ್ಟ್ರು ಆಮೇಲೆ ಕಟ್ಟಿದ 'ಉನಿದಾದ್ ಆಂದಲೂಸಾ' ಪಕ್ಷ ಬೆಳೆಯಲೇ ಇಲ್ಲ. 1982ರ ಮೊದಲ ಪ್ರಾದೇಶಿಕ ಚುನಾವಣೆ ಗೆದ್ದದ್ದು ಶಿಷ್ಯ ಗೊನ್ಸಾಲೆಸ್ ಪಕ್ಷ. ಇವರು ಮತ್ತೆ ಕಾನೂನಿನ ಪುಸ್ತಕ ಹಿಡಿದರು.

2021ರ ಜೂನ್‌ನಲ್ಲಿ, 95ನೇ ವಯಸ್ಸಿನಲ್ಲಿ ಕ್ಲಾವೆರೊ ತೀರಿಕೊಂಡ ಸುದ್ದಿ ಓದಿ ನಮ್ಮ ಸರ್‌ಗೆ ಫೋನ್ ಮಾಡಿದೆ. ನಿವೃತ್ತರಾಗಿ ಬಹಳ ವರ್ಷವಾಗಿದೆ, ಕಿವಿ ಸ್ವಲ್ಪ ಮಂದ.

"ಯಾರು? ಕಾಫಿ ಮೇಷ್ಟ್ರಾ?" ಎಂದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಲ್ಲಮ್ಮ, ಅವತ್ತು 151ನೇ ವಿಧಿ ಹೇಳಿದ್ನಾ ನಿಮಗೆ?"

"ಇಲ್ಲ ಸರ್. ಬೆಲ್ ಹೊಡೀತು."